ವೆನಿಸೋ, ಫ್ಲಾರೆನ್ಸೋ? ಮೂರು ರಾತ್ರಿಯ ಪ್ರವಾಸಕ್ಕೆ ದೊಡ್ಡಮ್ಮನ ಕಿವಿಮಾತು

ಮ್ಯೂನಿಕ್‌ನಿಂದ ನೀನು ಕೇಳಿರುವುದು ಚಿಕ್ಕ ಪ್ರಶ್ನೆ. ನವೆಂಬರ್ ಮೊದಲ ವಾರ, ಮೂರು ರಾತ್ರಿ. ಜತೆಗೆ ಹೆಂಡತಿ, ನಾಲ್ಕು ವರ್ಷದ ಮಗಳು, ಹಾಸನದಿಂದ ಬಂದಿರುವ, ಮಂಡಿ ನೋವಿನ ಅತ್ತೆ. ಹೋಗಬೇಕಾದ್ದು ವೆನಿಸ್‌ಗೋ, ಫ್ಲಾರೆನ್ಸ್‌ಗೋ? ನನ್ನ ಮಗಳು ಪಡುವಾದಲ್ಲಿ ಓದುತ್ತಿದ್ದಾಗ ಅವಳ ಮನೆಯಲ್ಲಿದ್ದುಕೊಂಡು ಎರಡೂ ಊರಿಗೆ ಓಡಾಡಿದ್ದೇನೆ ಅಂತ ನನ್ನನ್ನು ಕೇಳಿದ್ದೀಯ. ಯಾವುದು ಹೆಚ್ಚು ಚೆಂದ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ಎರಡೂ ಚೆಂದವೇ. ನಿಮ್ಮ ಗುಂಪಿನಲ್ಲಿ ಯಾರ ಕಾಲು ನಿಧಾನ, ಯಾರಿಗೆ ಬೇಗ ಸುಸ್ತು, ಯಾರ ಹೊಟ್ಟೆಗೆ ಏನು ಒಗ್ಗುತ್ತೆ, ಅಲ್ಲಿಂದ ಲೆಕ್ಕ ಶುರು ಮಾಡಿದರೆ ಊರು ತಾನಾಗಿಯೇ ತೀರ್ಮಾನ ಆಗುತ್ತೆ. ನೀನು ಮಾತ್ರ ಅಲ್ಲ, ಇಂಥ ರಜೆಗೆ ಹೊರಟ ಯಾರಾದರೂ ಓದಿಕೊಳ್ಳಲಿ ಅಂತ ಒಂದೊಂದಾಗಿ ಬರೆಯುತ್ತಿದ್ದೇನೆ.

ಆರಿಸುವ ಮುಂಚೆ

• ಮೂರು ರಾತ್ರಿಯಲ್ಲಿ ಎರಡೂ ಊರು ಮುಗಿಸುವ ಆಸೆ ಬಿಡು. ವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಅಲ್ಲಿಂದ ಇಲ್ಲಿಗೆ ತಂದುಬಿಡುತ್ತೆ, ನಿಜ. ಆದರೆ ಮಗುವನ್ನು ಎಬ್ಬಿಸಿ ತಿನ್ನಿಸಿ, ಹೋಟೆಲ್ ಖಾಲಿ ಮಾಡಿ, ಸ್ಟೇಷನ್ ಸೇರಿ, ಆ ಕಡೆ ಇಳಿದು, ಮಧ್ಯಾಹ್ನ ರೂಮು ಕೊಡುವವರೆಗೆ ಸಾಮಾನು ಎಲ್ಲಿಡುವುದು ಅಂತ ಹುಡುಕುವಷ್ಟರಲ್ಲಿ ಒಂದು ದಿನದ ಬೆಳಕು ಹೋಗಿರುತ್ತೆ. ಐದು ರಾತ್ರಿ ಇದ್ದರೆ ಎರಡೂ ನೋಡು. ಮೂರಿದ್ದರೆ ಒಂದೇ.

• ವೆನಿಸ್‌ಗೆ ರಾತ್ರಿಯ ಲೆಕ್ಕ, ಫ್ಲಾರೆನ್ಸ್‌ಗೆ ಹಗಲಿನ ಲೆಕ್ಕ. ವೆನಿಸ್‌ನ ಹಳೆಯ ಊರಿನಲ್ಲಿ ಈಗ ಕಾಯಂ ಆಗಿ ಇರುವವರು 50,000ಕ್ಕಿಂತ ಕಡಿಮೆ. ಹಗಲು ಹೊತ್ತು ಅವರಿಗಿಂತ ಬಂದುಹೋಗುವವರೇ ಜಾಸ್ತಿ. ಸಾನ್ ಮಾರ್ಕೊ ಚೌಕದಿಂದ ರಿಯಾಲ್ಟೊ ಸೇತುವೆವರೆಗಿನ ಓಣಿಯಲ್ಲಿ ಮಧ್ಯಾಹ್ನ ಹೆಜ್ಜೆ ಹಾಕುವುದೂ ಕಷ್ಟ. ಸಂಜೆ ಆ ಜನ ರೈಲು ಹತ್ತಿದ ಮೇಲೆ ಊರು ಹಗುರಾಗುತ್ತೆ, ಬೆಳಗ್ಗೆ ಎಂಟರವರೆಗೆ ಹಾಗೇ ಇರುತ್ತೆ. ಆದ್ದರಿಂದ ದ್ವೀಪದ ಮೇಲೇ ರಾತ್ರಿ ಉಳಿಯುವುದಕ್ಕೆ ದುಡ್ಡಿದ್ದರೆ ವೆನಿಸ್ ಆರಿಸು, ಇಲ್ಲದಿದ್ದರೆ ಬೇಡ. ಫ್ಲಾರೆನ್ಸ್‌ನ ಸಂಪತ್ತು ಗೋಡೆಯ ಒಳಗಿದೆ. ಬಾಗಿಲು ತೆರೆದಿರುವ ಹೊತ್ತೇ ಅಲ್ಲಿ ಮುಖ್ಯ.

• ಮ್ಯೂಸಿಯಂ ಅಂದರೆ ಒಂದು ಗಂಟೆಗೇ ಆಕಳಿಸುವವರು ವೆನಿಸ್‌ಗೆ ಹೋಗಲಿ. ಅಲ್ಲಿ ದೋಣಿ ಹತ್ತಿ ಕೂತರೆ ಊರೇ ಕಣ್ಣ ಮುಂದೆ ಸಾಗುತ್ತೆ. ಒಂದು ಚಿತ್ರದ ಮುಂದೆ ಕಾಲು ಗಂಟೆ ನಿಲ್ಲಬಲ್ಲವರು ಫ್ಲಾರೆನ್ಸ್‌ಗೆ ಹೋಗಲಿ.

• ಹಾಗಂತ ವೆನಿಸ್‌ನಲ್ಲಿ ಚಿತ್ರ ಇಲ್ಲ ಅಂದುಕೊಳ್ಳಬೇಡ. ಫ್ರಾರಿ ಚರ್ಚಿನಲ್ಲಿ ಟಿಷಿಯನ್ 1518ರಲ್ಲಿ ಮುಗಿಸಿದ ದೊಡ್ಡ ಚಿತ್ರ ಬಲಿಪೀಠದ ಮೇಲೇ ಇದೆ. ಪಕ್ಕದಲ್ಲೇ ಇರುವ ಸಾನ್ ರೊಕ್ಕೊ ಭವನದಲ್ಲಿ ಟಿಂಟೊರೆಟ್ಟೊ ಗೋಡೆ, ಚಾವಣಿ ಎಲ್ಲ ತುಂಬಿಸಿಟ್ಟಿದ್ದಾನೆ. ಕತ್ತೆತ್ತಿ ಕುತ್ತಿಗೆ ನೋಯಿಸಿಕೊಳ್ಳಬಾರದು ಅಂತ ಅಲ್ಲಿ ಕೈಗೊಂದು ಕನ್ನಡಿ ಸಿಗುತ್ತೆ. ಅದನ್ನು ಹೊಟ್ಟೆಯ ಮಟ್ಟಕ್ಕೆ ಅಡ್ಡಲಾಗಿ ಹಿಡಿದು, ಅದರೊಳಗೆ ಚಾವಣಿ ನೋಡುತ್ತಾ ಜನ ಮೆಲ್ಲಗೆ ನಡೆಯುತ್ತಾರೆ. ಮಂಡಿ, ಕುತ್ತಿಗೆ ಎರಡೂ ಹಿಡಿದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕಾಲು, ಮಂಡಿ, ಸೂಟ್‌ಕೇಸ್

• ವೆನಿಸ್‌ನಲ್ಲಿ ಸೇತುವೆಗಳು ನಾನೂರರ ಹತ್ತಿರ ಇವೆ. ಹೆಚ್ಚಿನವಕ್ಕೆ ಎರಡೂ ಕಡೆ ಮೆಟ್ಟಿಲು. ಹತ್ತು ಹತ್ತಿ ಹತ್ತು ಇಳಿದರೆ ಇನ್ನೊಂದು ಬಂತು ಅನ್ನು. ಕಾರಿಲ್ಲ, ಆಟೊ ಇಲ್ಲ, ಸೈಕಲ್‌ಗೂ ಅವಕಾಶವಿಲ್ಲ. ಮಗುವಿನ ತಳ್ಳುಗಾಡಿ, ಅತ್ತೆಯವರ ಪೆಟ್ಟಿಗೆ, ನಿನ್ನ ಪೆಟ್ಟಿಗೆ, ಮೂರನ್ನೂ ಹೊತ್ತು ಹತ್ತಿಸುವವನು ನೀನೊಬ್ಬನೇ ಅನ್ನುವುದು ನೆನಪಿರಲಿ.

• ವೆನಿಸ್‌ನಲ್ಲಿ ಹೋಟೆಲ್ ಹುಡುಕುವಾಗ ನಕಾಶೆಯಲ್ಲಿ ದೂರ ನೋಡಬೇಡ. ವಪೊರೆಟ್ಟೊ ಅನ್ನುವ ಸಾರ್ವಜನಿಕ ದೋಣಿಯ ನಿಲ್ದಾಣದಿಂದ ಹೋಟೆಲ್ ಬಾಗಿಲಿಗೆ ಎಷ್ಟು ಸೇತುವೆ ಅಂತ ಕೇಳು. ಒಂದೂ ಇಲ್ಲದ ಹೋಟೆಲ್‌ಗೆ ಇಪ್ಪತ್ತು ಯೂರೊ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಲಿಫ್ಟ್ ಇದೆಯಾ ಅಂತಲೂ ಕೇಳು, ಹಳೆಯ ಕಟ್ಟಡಗಳಲ್ಲಿ ಹಲವಕ್ಕೆ ಇಲ್ಲ.

• ಫ್ಲಾರೆನ್ಸ್‌ನ ಹಳೆಯ ಊರು ಸಮತಟ್ಟು. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿಂದ ದೊಡ್ಡ ಗುಮ್ಮಟದ ಕೆಥೆಡ್ರಲ್‌ಗೆ ಹತ್ತು ಹದಿನೈದು ನಿಮಿಷದ ನಡಿಗೆ, ಅಲ್ಲಿಂದ ಪೊಂತೆ ವೆಕ್ಕಿಯೊ ಸೇತುವೆಗೆ ಇನ್ನೊಂದು ಹತ್ತು ನಿಮಿಷ. ಟ್ಯಾಕ್ಸಿ ಹೋಟೆಲ್ ಬಾಗಿಲಿಗೇ ಬರುತ್ತೆ. ತೊಂದರೆ ಕೊಡುವುದು ನೆಲಕ್ಕೆ ಹಾಸಿದ ಕಲ್ಲು. ಮಳೆಗೆ ಜಾರುತ್ತೆ, ತೆಳ್ಳಗಿನ ಚಪ್ಪಲಿಯಲ್ಲಿ ಅಂಗಾಲು ಉರಿಯುತ್ತೆ.

• ಮೇಲಿಂದ ಊರು ನೋಡುವ ಆಸೆ ಎಲ್ಲರಿಗೂ ಇರುತ್ತೆ. ಇಲ್ಲಿ ಮಾತ್ರ ವೆನಿಸ್ ಗೆಲ್ಲುತ್ತೆ: ಸಾನ್ ಮಾರ್ಕೊದ ಗಂಟೆ ಗೋಪುರಕ್ಕೆ ಲಿಫ್ಟ್ ಇದೆ. ಎದುರಿನ ದ್ವೀಪದಲ್ಲಿರುವ ಸಾನ್ ಜಾರ್ಜೊ ಮಜ್ಜೊರೆ ಚರ್ಚಿನ ಗೋಪುರಕ್ಕೂ ಇದೆ, ಅಲ್ಲಿ ಸಾಲೂ ಕಡಿಮೆ. ಫ್ಲಾರೆನ್ಸ್‌ನಲ್ಲಿ ಕೆಥೆಡ್ರಲ್ ಮೇಲಿನ ಬ್ರುನೆಲೆಸ್ಕಿಯ ಗುಮ್ಮಟಕ್ಕೆ 463 ಮೆಟ್ಟಿಲು, ಪಕ್ಕದ ಜೊತ್ತೊನ ಗೋಪುರಕ್ಕೆ 414. ಎರಡಕ್ಕೂ ಲಿಫ್ಟ್ ಇಲ್ಲ, ಮಧ್ಯದಲ್ಲಿ ಸಾಕಾಯ್ತು ಅಂತ ತಿರುಗುವುದೂ ಸುಲಭವಲ್ಲ. ಅತ್ತೆಯವರನ್ನು ಬಸ್ಸಿನಲ್ಲಿ ಪಿಯಾಜಾಲೆ ಮೈಕೆಲ್ಯಾಂಜೆಲೊ ಗುಡ್ಡಕ್ಕೆ ಕರೆದುಕೊಂಡು ಹೋಗು. ಗುಮ್ಮಟ, ನದಿ, ಸೇತುವೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತೆ, ಮೆಟ್ಟಿಲು ಹತ್ತುವ ಗೋಜಿಲ್ಲ.

ಮಳೆ, ನೀರು, ಬೆಳಕು

• ನವೆಂಬರ್‌ನಲ್ಲಿ ಎರಡೂ ಕಡೆ ಮಳೆ ಉಂಟು. ವೆನಿಸ್‌ಗೆ ಇದರ ಮೇಲೆ ಸಮುದ್ರದ ಉಬ್ಬರವೂ ಸೇರುತ್ತೆ. ಅಕ್ಟೋಬರ್‌ನಿಂದ ಜನವರಿವರೆಗೆ ಅದರ ಕಾಲ. ದಕ್ಷಿಣದ ಗಾಳಿ ಬೀಸಿ ನೀರನ್ನು ಒಳಕ್ಕೆ ತಳ್ಳಿದಾಗ, ಊರಿನ ತಗ್ಗಾದ ಜಾಗ ಸಾನ್ ಮಾರ್ಕೊ ಚೌಕವೇ ಮೊದಲು ಮುಳುಗುವುದು. 2019ರ ನವೆಂಬರ್ 12ರ ರಾತ್ರಿ ಉಬ್ಬರದ ಮಟ್ಟ 187 ಸೆಂಟಿಮೀಟರ್ ಮುಟ್ಟಿತ್ತು.

• ಈಗ ಪರಿಸ್ಥಿತಿ ವಾಸಿ. ಸಮುದ್ರ ಒಳಬರುವ ಮೂರು ಬಾಯಿಗೆ ಮೋಸೆ ಅನ್ನುವ 78 ಕಬ್ಬಿಣದ ಬಾಗಿಲು ಹಾಕಿದ್ದಾರೆ. ನೀರಿನಡಿ ಮಲಗಿರುವ ಈ ಬಾಗಿಲುಗಳಿಗೆ ಗಾಳಿ ತುಂಬಿದರೆ ಎದ್ದು ನಿಲ್ಲುತ್ತವೆ. ಉಬ್ಬರ ತಡೆಯಲು ಮೊದಲ ಸಲ ಎತ್ತಿದ್ದು 2020ರ ಅಕ್ಟೋಬರ್ 3ರಂದು. ಆದರೆ ಸಣ್ಣ ಉಬ್ಬರಕ್ಕೆಲ್ಲ ಅದನ್ನು ಎತ್ತುವುದಿಲ್ಲ, ಆಗ ಚೌಕದಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲಬಹುದು. ಹಲಗೆಯ ಕಟ್ಟೆ ಹಾಕುತ್ತಾರೆ, ಕೆಲವು ಗಂಟೆಯಲ್ಲಿ ನೀರು ಇಳಿಯುತ್ತೆ. ಹೆದರಬೇಕಿಲ್ಲ, ಆದರೆ ನಾಲ್ಕು ವರ್ಷದ ಮಗುವನ್ನು ಸಾಲಿನಲ್ಲಿ ಹಲಗೆಯ ಮೇಲೆ ನಡೆಸುವುದು ಅಷ್ಟು ಸಲೀಸಲ್ಲ.

• ಫ್ಲಾರೆನ್ಸ್ ನೀರಿನಿಂದ ಪಾರಾದ ಊರೇನಲ್ಲ. 1966ರ ನವೆಂಬರ್ 4, ಎರಡೂ ಊರಿಗೆ ಒಂದೇ ಕೆಟ್ಟ ದಿನ. ವೆನಿಸ್‌ನಲ್ಲಿ ಉಬ್ಬರ 194 ಸೆಂಟಿಮೀಟರ್, ಇದುವರೆಗಿನ ದಾಖಲೆ. ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ಉಕ್ಕಿ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರಲ್ಲಿ ಹೂತುಹೋದವು. ಸಾಂತಾ ಕ್ರೋಚೆ ಚರ್ಚಿನಲ್ಲಿದ್ದ, ಚಿಮಬುವೆ ಬರೆದ ಶಿಲುಬೆಯ ಬಣ್ಣ ಕಿತ್ತುಹೋಯಿತು. ಆ ಭಾಗದ ಓಣಿಗಳಲ್ಲಿ ನಡೆಯುವಾಗ ಗೋಡೆ ನೋಡು. ನಿನ್ನ ತಲೆಗಿಂತ ಮೇಲೆ ಒಂದು ಗೆರೆ, ಅದರ ಪಕ್ಕ ಆ ತಾರೀಕು ಕೆತ್ತಿದ ಕಲ್ಲು ಕಾಣುತ್ತೆ. ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಮಗಳಿಗೆ ತೋರಿಸು.

• ನವೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲು. ಹೊರಗೆ ನೋಡುವ ಊರಿಗೆ ಅದು ನಷ್ಟ. ಸಂಜೆ ಆರೂವರೆವರೆಗೆ ತೆರೆದಿರುವ ಉಫೀಜಿ ಮ್ಯೂಸಿಯಂ ಇರುವ ಫ್ಲಾರೆನ್ಸ್‌ಗೆ ಅಷ್ಟು ನಷ್ಟವಿಲ್ಲ. ಬೇಸಿಗೆಯಾದರೆ ಮಾತು ಬೇರೆ: ಜುಲೈ, ಆಗಸ್ಟ್‌ನಲ್ಲಿ ಗುಡ್ಡಗಳ ನಡುವಿನ ಫ್ಲಾರೆನ್ಸ್ ಕಾದು ಕೂತಿರುತ್ತೆ, ಆಗ ನಾನೇ ಬೇಡ ಅನ್ನುತ್ತಿದ್ದೆ.

ವೆನಿಸ್ ಅಂತ ತೀರ್ಮಾನಿಸಿದರೆ

• ರೈಲು ಟಿಕೆಟ್ ತೆಗೆಯುವಾಗ ಸ್ಟೇಷನ್ ಹೆಸರು ಸರಿಯಾಗಿ ನೋಡು. ಮೆಸ್ತ್ರೆ ಅಂದರೆ ನೆಲದ ಮೇಲಿನ ಊರು, ಸಾಂತಾ ಲೂಚಿಯಾ ಅಂದರೆ ದ್ವೀಪ. ಸಾಂತಾ ಲೂಚಿಯಾದಲ್ಲಿ ಇಳಿದು ಹೊರಗೆ ಬಂದರೆ ಎದುರಿಗೇ ದೊಡ್ಡ ಕಾಲುವೆ. ಮೆಸ್ತ್ರೆಯ ಹೋಟೆಲ್ ಅಗ್ಗ, ರೈಲಿನಲ್ಲಿ ಹತ್ತು ನಿಮಿಷ. ಆದರೆ ರಾತ್ರಿಯೂ ಮುಂಜಾನೆಯೂ ನಿನ್ನ ಕೈತಪ್ಪಿದರೆ ವೆನಿಸ್‌ಗೆ ಹೋಗಿ ಏನು ಬಂತು?

• ಒಂದನೇ ನಂಬರಿನ ವಪೊರೆಟ್ಟೊ ಹತ್ತು. ನಮ್ಮ ಸಿಟಿ ಬಸ್ಸಿನ ಹಾಗೆ ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತೆ, ದೊಡ್ಡ ಕಾಲುವೆಯ ಉದ್ದಕ್ಕೂ ಮುಕ್ಕಾಲು ಗಂಟೆ. ಪ್ರತಿ ಸ್ಟಾಪಿನಲ್ಲೂ ದೋಣಿಯವನು ದಪ್ಪ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಎಸೆದು ಬಿಗಿಯುತ್ತಾನೆ, ಹಗ್ಗ ಕಿರುಗುಟ್ಟುತ್ತೆ, ದೋಣಿ ಕಟ್ಟೆಗೆ ಒರಗುತ್ತೆ, ಕಬ್ಬಿಣದ ಗೇಟು ಸರಿಸುತ್ತಾನೆ. ಮಕ್ಕಳು ಅರಮನೆ ನೋಡುವುದು ಬಿಟ್ಟು ಅವನನ್ನೇ ನೋಡುತ್ತಾರೆ, ನೋಡಲಿ ಬಿಡು.

• ಒಂದು ಸಲದ ದೋಣಿ ಟಿಕೆಟ್ 9.50 ಯೂರೊ, 75 ನಿಮಿಷ ನಡೆಯುತ್ತೆ. 24 ಗಂಟೆಯ ಪಾಸು 25, 48 ಗಂಟೆಯದ್ದು 35, 72 ಗಂಟೆಯದ್ದು 45. ಮೂರು ದಿನ ಇರುವವರು ಪಾಸು ತೆಗೆದುಕೊಂಡರೆ ಸುಸ್ತಾದಾಗಲೆಲ್ಲ ಹತ್ತಿ ಕೂರಬಹುದು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

• ಗೊಂಡೊಲಾ ದರ ಊರಾಡಳಿತ ಗೊತ್ತುಮಾಡಿದ್ದು: ಹಗಲು ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ಮೇಲೆ 110. ಇದು ದೋಣಿಗೆ, ತಲೆಗೆ ಅಲ್ಲ, ಐದು ಜನ ಕೂರಬಹುದು. ಹತ್ತುವ ಮುಂಚೆಯೇ ದರವನ್ನೂ ಹೊತ್ತನ್ನೂ ಬಾಯಿಬಿಟ್ಟು ಮಾತಾಡಿಕೋ. ಅಷ್ಟು ಖರ್ಚು ಬೇಡ ಅನ್ನಿಸಿದರೆ ಟ್ರಾಗೆಟ್ಟೊ ಹುಡುಕು: ಅಂಥದೇ ದೋಣಿ, ದೊಡ್ಡ ಕಾಲುವೆಯನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತೆ, ತಲೆಗೆ 2 ಯೂರೊ.

• ವಸಂತ ಮತ್ತು ಬೇಸಿಗೆಯ ಆಯ್ದ ದಿನಗಳಲ್ಲಿ, ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕ ಇದೆ. 2024ರ ಏಪ್ರಿಲ್ 25ರಂದು ಶುರುವಾದದ್ದು, 5 ಯೂರೊ. ಮರುವರ್ಷದಿಂದ ತಡವಾಗಿ ಕಟ್ಟಿದರೆ 10. ರಾತ್ರಿ ಉಳಿಯುವವರಿಗೆ ಇದಿಲ್ಲ, ಆದರೆ ವಿನಾಯಿತಿಯ ಕೋಡ್ ಮುಂಚೆಯೇ ತೆಗೆದುಕೊಂಡಿರಬೇಕು.

• ದಾರಿ ತಪ್ಪುವುದು ಖಂಡಿತ. ಗೋಡೆಯ ಮೇಲೆ ಹಳದಿ ಫಲಕದಲ್ಲಿ ರಿಯಾಲ್ಟೊ, ಸಾನ್ ಮಾರ್ಕೊ ಅಂತ ಬಾಣದ ಗುರುತು ಇರುತ್ತೆ, ಅದನ್ನು ಹಿಡಿದು ಹೋಗು. ಇನ್ನೊಂದು ಮಾತು, ಸಾನ್ ಮಾರ್ಕೊ ಚೌಕದ ಪಾರಿವಾಳಗಳಿಗೆ ಕಾಳು ಹಾಕಬೇಡಿ. 2008ರಿಂದ ನಿಷೇಧ, ದಂಡ ಬೀಳುತ್ತೆ. ಅತ್ತೆಯವರಿಗೆ ಮೊದಲೇ ಹೇಳಿಡು, ಅವರ ಕೈ ಸುಮ್ಮನಿರುವುದಿಲ್ಲ.

• ಒಂದು ಮಧ್ಯಾಹ್ನ ದ್ವೀಪಗಳಿಗೆ ಹೋಗಿ ಬನ್ನಿ. ಗಾಜು ಊದುವವರನ್ನು ಬೆಂಕಿಯ ಭಯಕ್ಕೆ 1291ರಲ್ಲಿ ಊರಿನಿಂದ ಮುರಾನೊಗೆ ಕಳಿಸಿದರು. ಇಂದಿಗೂ ಕುಲುಮೆ ಅಲ್ಲೇ ಉರಿಯುತ್ತೆ. ಬುರಾನೊದಲ್ಲಿ ಮನೆ ಮನೆಗೂ ಬೇರೆ ಬೇರೆ ಬಣ್ಣ, ಲೇಸ್ ಕೆಲಸ. ಉಚಿತ ದೋಣಿಯಲ್ಲಿ ಗಾಜಿನ ಕಾರ್ಖಾನೆಗೆ ಕರೆದೊಯ್ಯುತ್ತೇವೆ ಅನ್ನುವವರ ಜತೆ ಹೋಗಬೇಡಿ, ಕೊನೆಗೆ ನಿಲ್ಲಿಸುವುದು ಅಂಗಡಿಯಲ್ಲೇ.

ಫ್ಲಾರೆನ್ಸ್ ಅಂತ ತೀರ್ಮಾನಿಸಿದರೆ

• ಸೋಮವಾರ ಬೇಡ. ಉಫೀಜಿಯೂ ಮುಚ್ಚಿರುತ್ತೆ, ಡೇವಿಡ್ ಪ್ರತಿಮೆ ಇರುವ ಅಕಾಡೆಮಿಯಾ ಮ್ಯೂಸಿಯಮ್ಮೂ ಮುಚ್ಚಿರುತ್ತೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ಸಾಲು ಮಾತ್ರ ಹನುಮಂತನ ಬಾಲ. ಮಗುವನ್ನು ಕಟ್ಟಿಕೊಂಡು ಅದರಲ್ಲಿ ನಿಲ್ಲಬೇಡಿ.

• ಉಫೀಜಿಗೆ, ಅಕಾಡೆಮಿಯಾಗೆ, ಹತ್ತುವ ಮನಸ್ಸಿದ್ದರೆ ಗುಮ್ಮಟಕ್ಕೆ, ದಿನವೂ ಗಂಟೆಯೂ ಗೊತ್ತುಮಾಡಿ ಟಿಕೆಟ್ ಕೊಳ್ಳು. ಉಫೀಜಿಗೆ ಸುಮಾರು 25 ಯೂರೊ. 18 ವರ್ಷದೊಳಗಿನವರಿಗೆ ಉಚಿತವಾದರೂ ಅವರ ಹೆಸರಿನಲ್ಲಿ ಸೊನ್ನೆ ದರದ ಟಿಕೆಟ್ ಬೇಕು. ಮಧ್ಯವರ್ತಿಗಳ ವೆಬ್‌ಸೈಟುಗಳು ಅದೇ ಟಿಕೆಟ್ಟನ್ನು ಎರಡು ಪಟ್ಟಿಗೆ ಮಾರುತ್ತವೆ, ಮ್ಯೂಸಿಯಂನ ಸ್ವಂತ ತಾಣ ಯಾವುದು ಅಂತ ನೋಡಿ ಕೊಳ್ಳು.

• ಒಂದು ದಿನಕ್ಕೆ ಒಂದೇ ದೊಡ್ಡ ಮ್ಯೂಸಿಯಂ. ಉಫೀಜಿಯಲ್ಲಿ ಎಲ್ಲ ನೋಡಲು ಹೋದರೆ ಏನೂ ನೆನಪಿರುವುದಿಲ್ಲ. ಬೊಟಿಚೆಲ್ಲಿಯ ಕೋಣೆಗೆ ನೇರ ಹೋಗಿ, ವೀನಸ್ ಚಿಪ್ಪಿನ ಮೇಲೆ ನಿಂತ ಚಿತ್ರವನ್ನೂ ವಸಂತದ ಚಿತ್ರವನ್ನೂ ನೋಡಿ, ಆಮೇಲೆ ಕಾರಿಡಾರಿನ ಕಿಟಕಿಯಿಂದ ನದಿ ನೋಡುತ್ತಾ ಕೂರಿ. ವಸಂತದ ಚಿತ್ರದ ಕಾಲಡಿಯ ಹುಲ್ಲಿನಲ್ಲಿ ಎಷ್ಟು ಬಗೆಯ ಹೂವಿದೆ ಅಂತ ಎಣಿಸಲು ಮಗಳಿಗೆ ಹೇಳು. ಅವಳು ಎಣಿಸಿ ಮುಗಿಸುವಷ್ಟರಲ್ಲಿ ನೀವಿಬ್ಬರೂ ಸಮಾಧಾನವಾಗಿ ನೋಡಿರುತ್ತೀರಿ. ಮಂಡಿ ನೋವಿನವರಿಗೆ ಲಿಫ್ಟ್ ಇದೆ, ಬಾಗಿಲಲ್ಲೇ ಕೇಳಿ.

• ಡೇವಿಡ್ ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತಾನೆ. ಹೊರಗೆ ಊರಿನ ಮುಖ್ಯ ಚೌಕದಲ್ಲಿರುವುದು ನಕಲು. ಮೈಕೆಲ್ಯಾಂಜೆಲೊ 1504ರಲ್ಲಿ ಮುಗಿಸಿದ, 5.17 ಮೀಟರ್ ಎತ್ತರದ ಅಸಲಿಯನ್ನು 1873ರಲ್ಲಿ ಅಕಾಡೆಮಿಯಾದ ಒಳಗೆ ತಂದಿಟ್ಟರು. ದುಡ್ಡು ಉಳಿಸಬೇಕಾದರೆ ನಕಲು ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಸಲಿಯ ಬಲಗೈಯ ಹಿಂಬದಿ ನೋಡು, ದೇಹಕ್ಕೆ ಮೀರಿ ದೊಡ್ಡದಾದ ಆ ಕೈಯಲ್ಲಿ ನರಗಳು ಉಬ್ಬಿವೆ. ಮುಖದಲ್ಲಿ ತೋರಿಸಿಕೊಳ್ಳದ ಬಿಗಿ ಅಲ್ಲಿ ಕಾಣುತ್ತೆ.

• ಜನಜಂಗುಳಿ ಸಾಕಾದರೆ ಸಾನ್ ಮಾರ್ಕೊ ಮಠಕ್ಕೆ ಹೋಗು. ಹೆಸರು ವೆನಿಸ್‌ನ ಚೌಕದ್ದೇ, ಊರು ಫ್ಲಾರೆನ್ಸ್. ಫ್ರಾ ಆಂಜೆಲಿಕೊ ಅನ್ನುವ ಸನ್ಯಾಸಿ ಅಲ್ಲಿನ ಸನ್ಯಾಸಿಗಳ ಒಂದೊಂದು ಕೋಣೆಯ ಗೋಡೆಗೂ ಒಂದೊಂದು ಚಿತ್ರ ಬರೆದಿದ್ದಾನೆ. ಮೆಟ್ಟಿಲು ಹತ್ತಿ ತಲೆಯೆತ್ತಿದರೆ ಎದುರಿಗೇ ದೇವದೂತ ಮರಿಯಳ ಮುಂದೆ ಬಾಗಿರುವ ಚಿತ್ರ. ಮಧ್ಯಾಹ್ನಕ್ಕೇ ಮುಚ್ಚುವ ಜಾಗ, ಬೆಳಗ್ಗೆಯೇ ಹೋಗು.

• ಗುಮ್ಮಟ ಹತ್ತದಿದ್ದರೂ ಕೆಳಗೆ ನಿಂತು ನೋಡು. 1420ರಿಂದ 1436ರವರೆಗೆ ಕಟ್ಟಿದ್ದು. ನೆಲದಿಂದ ಮರದ ಆಧಾರ ಎಬ್ಬಿಸದೆ, ಇಟ್ಟಿಗೆಯನ್ನು ಮೀನಿನ ಮುಳ್ಳಿನ ಸಾಲಿನಂತೆ ಒಂದಕ್ಕೊಂದು ಕಚ್ಚಿಸಿ ಏರಿಸಿದರು. ನೀನು ಎಂಜಿನಿಯರ್, ನಿನಗೆ ಬೇರೆ ಹೇಳಬೇಕಿಲ್ಲ.

• ಬಾಡಿಗೆ ಕಾರಿನಲ್ಲಿ ಊರೊಳಗೆ ಹೋಗಲೇಬೇಡ. ಹಳೆಯ ಊರಿನ ಸುತ್ತ ವಾಹನ ನಿರ್ಬಂಧದ ಗಡಿ ಇದೆ. ಗಡಿಯಲ್ಲಿ ಯಾರೂ ತಡೆಯುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದುಕೊಳ್ಳುತ್ತೆ. ತಿಂಗಳುಗಳಾದ ಮೇಲೆ ದಂಡದ ಕಾಗದ ಮನೆಗೆ ಬರುತ್ತೆ, ಎಷ್ಟು ಸಲ ದಾಟಿದ್ದೀಯೋ ಅಷ್ಟು ಕಾಗದ.

ಹೊಟ್ಟೆಯ ವಿಚಾರ

• ನಿಮ್ಮಂಥ ಸಸ್ಯಾಹಾರಿಗಳಿಗೆ ಫ್ಲಾರೆನ್ಸ್ ಒಂದು ಕೈ ಮೇಲು. ಬ್ರೆಡ್ಡು, ಹುರುಳಿಕಾಯಿ ಬೀಜ, ಸೊಪ್ಪು ಹಾಕಿ ಕುದಿಸುವ ರಿಬೊಲ್ಲಿತಾ, ಟೊಮೆಟೊ ಬ್ರೆಡ್ಡಿನ ಪಾಪ್ಪಾ ಅಲ್ ಪೊಮೊದೊರೊ, ಎರಡೂ ಬಿಸಿಬಿಸಿ, ಚಳಿಗೆ ಹಿತ. ಮಾಂಸದ ಸಾರು ಹಾಕಿದ್ದೀರಾ ಅಂತ ಒಂದು ಮಾತು ಕೇಳಿ. ಅಲ್ಲಿನ ಬ್ರೆಡ್ಡಿಗೆ ಉಪ್ಪಿಲ್ಲ, ಅದು ಅವರ ಪದ್ಧತಿ. ಚಟ್ನಿಪುಡಿ ಪೊಟ್ಟಣ ಚೀಲದಲ್ಲಿರಲಿ, ಅಲ್ಲಿನ ಆಲಿವ್ ಎಣ್ಣೆಗೆ ಚೆನ್ನಾಗಿ ಹೊಂದುತ್ತೆ. ಬೀದಿ ಗಾಡಿಯಲ್ಲಿ ಲಾಂಪ್ರೆದೊತ್ತೊ ಅಂತ ಬರೆದಿದ್ದರೆ ಅದು ಹಸುವಿನ ಹೊಟ್ಟೆಯ ಭಾಗ, ಅತ್ತೆಯವರನ್ನು ಆ ಕಡೆ ಕರೆದೊಯ್ಯಬೇಡ.

• ವೆನಿಸ್ ಸಮುದ್ರದ ಊರು, ಮೀನು ಎಲ್ಲೆಲ್ಲೂ ನುಸುಳಿರುತ್ತೆ. ಬೀಗೊಲಿ ಇನ್ ಸಾಲ್ಸಾ ನೋಡಲು ಈರುಳ್ಳಿ ಹಾಕಿದ ಶಾವಿಗೆಯಂತಿದ್ದರೂ ಅದರಲ್ಲಿ ಕರಗಿರುವುದು ಉಪ್ಪು ಹಾಕಿದ ಸಣ್ಣ ಮೀನು. ಅಕ್ಕಿ ಬಟಾಣಿಯ ರೀಸಿ ಎ ಬೀಸಿಗೂ ಹಂದಿ ಮಾಂಸದ ಚೂರು ಬೀಳುವುದುಂಟು. ‘ಸೆಂಜಾ ಕಾರ್ನೆ, ಸೆಂಜಾ ಪೆಶೆ’ ಅಂದರೆ ಮಾಂಸವೂ ಬೇಡ, ಮೀನೂ ಬೇಡ. ಇದನ್ನು ಬಾಯಿಪಾಠ ಮಾಡಿಕೊಳ್ಳಿ.

• ಚೀಸ್ ವಿಷಯದಲ್ಲಿ ಕಟ್ಟುನಿಟ್ಟಿನವರು ಗಮನಿಸಿ: ಪಾರ್ಮೆಸಾನ್ ಮಾಡುವಾಗ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಬೇಡದವರಿಗೆ ಪಿಜ್ಜಾ ಮರಿನಾರಾ ಸರಿ, ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ.

• ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಹೆಚ್ಚಿನ ಅಡುಗೆಮನೆಗಳು ಬಂದ್. ಮಗುವಿನ ಹಸಿವು ಅವರ ಗಡಿಯಾರ ಕೇಳುವುದಿಲ್ಲ, ಹಣ್ಣು, ಬಿಸ್ಕತ್ತು ಜತೆಗಿರಲಿ.

• ಕಾಫಿಯನ್ನು ನಿಂತು ಕುಡಿದರೆ ಒಂದು ದರ, ಕೂತರೆ ಬೇರೆ. ಸಾನ್ ಮಾರ್ಕೊ ಚೌಕದಲ್ಲಿ 1720ರಿಂದ ನಡೆಯುತ್ತಿರುವ ಫ್ಲೋರಿಯನ್ ಕೆಫೆಯಲ್ಲಿ ಹೊರಗೆ ಕೂತರೆ ವಾದ್ಯದವರ ಹೆಸರಿನಲ್ಲೂ ಬಿಲ್ಲಿಗೆ ದುಡ್ಡು ಸೇರುತ್ತೆ. ಕೂರುವುದೇ ಆದರೆ ಗೊತ್ತಿದ್ದು ಕೂರಿ. ಊಟದ ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಯೂರೊ ಇರುತ್ತೆ, ಮೋಸವಲ್ಲ, ಪದ್ಧತಿ. ಅದರ ಮೇಲೆ ಟಿಪ್ಸ್ ಕೊಡಲೇಬೇಕೆಂದಿಲ್ಲ.

ಕಾಗದ, ಕಿಸೆ, ಶಿಸ್ತು

• ಅತ್ತೆಯವರ ಜರ್ಮನಿ ವೀಸಾದಲ್ಲೇ ಇಟಲಿಗೆ ಹೋಗಬಹುದು, ಎರಡೂ ಶೆಂಗೆನ್ ದೇಶ. ಆದರೂ ಎಲ್ಲರ ಪಾಸ್‌ಪೋರ್ಟ್, ನಿಮ್ಮ ವಾಸದ ಪರವಾನಗಿ ಕಾರ್ಡು, ವಿಮೆಯ ಕಾಗದ ಜತೆಗಿರಲಿ. ಹೋಟೆಲ್‌ನಲ್ಲಿ ಕೇಳುತ್ತಾರೆ, ವಾಪಸ್ ಬರುವಾಗ ಆಸ್ಟ್ರಿಯಾ ಗಡಿಯಲ್ಲಿ ಜರ್ಮನ್ ಪೊಲೀಸರೂ ರೈಲು ಹತ್ತಿ ಕೇಳುತ್ತಾರೆ.

• ವೆನಿಸ್‌ಗೆ ಮ್ಯೂನಿಕ್‌ನಿಂದ ನೇರ ರೈಲಿದೆ. ಫ್ಲಾರೆನ್ಸ್‌ಗೆ ಹಗಲಿನಲ್ಲಿ ಹೋಗುವುದಾದರೆ ಬೊಲೊನ್ಯಾದಲ್ಲಿ ಬದಲಿಸಬೇಕು, ಅಲ್ಲಿಂದ ವೇಗದ ರೈಲಿಗೆ ಅರ್ಧ ಗಂಟೆ ಮೇಲೆ ಸ್ವಲ್ಪ. ವೇಗದ ರೈಲಿನ ಟಿಕೆಟ್ ಮುಂಚೆ ಕೊಂಡಷ್ಟೂ ಅಗ್ಗ. ಲೋಕಲ್ ರೈಲಿಗೆ ಕಾಗದದ ಟಿಕೆಟ್ ತೆಗೆದರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರದಲ್ಲಿ ಮುದ್ರೆ ಒತ್ತಿಸು, ಇಲ್ಲದಿದ್ದರೆ ದಂಡ.

• ಹೋಟೆಲ್ ದರದ ಮೇಲೆ ಊರಿನ ತೆರಿಗೆ ಬೇರೆ, ತಲೆಗೆ, ರಾತ್ರಿಗೆ ಇಷ್ಟು ಅಂತ. ಚಿಕ್ಕ ಮಕ್ಕಳಿಗೆ ಇಲ್ಲ.

• ಜೇಬುಗಳ್ಳರು ಎರಡೂ ಊರಿನಲ್ಲಿದ್ದಾರೆ. ತುಂಬಿದ ವಪೊರೆಟ್ಟೊ, ಫ್ಲಾರೆನ್ಸ್ ಸ್ಟೇಷನ್ನಿನ ಟಿಕೆಟ್ ಯಂತ್ರದ ಸುತ್ತಮುತ್ತ ಅವರ ಜಾಗ. ಸಹಾಯ ಮಾಡುತ್ತೇನೆ ಅಂತ ತಾನಾಗಿ ಬಂದವನಿಗೆ ಬೇಡ ಅಂದುಬಿಡು. ಅತ್ತೆಯವರ ಮಾಂಗಲ್ಯ ಸರ ಸ್ವೆಟರ್ ಒಳಗಿರಲಿ. ಬೀದಿಯಲ್ಲಿ ಹಾಸಿ ಮಾರುವ ನಕಲಿ ಬ್ಯಾಗು ಕೊಂಡರೆ ಇಟಲಿಯಲ್ಲಿ ಕೊಂಡವರಿಗೂ ದಂಡವಿದೆ.

• ಚರ್ಚಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕು. ಅತ್ತೆಯವರ ಸೀರೆಗೆ ಯಾವ ಚಿಂತೆಯೂ ಇಲ್ಲ, ನಿನ್ನ ಚಡ್ಡಿಯ ಬಗ್ಗೆ ಹೇಳುತ್ತಿದ್ದೇನೆ. ಭಾನುವಾರ ಬೆಳಗ್ಗೆ ಪೂಜೆಯ ಹೊತ್ತು, ನೋಡಲು ಮಧ್ಯಾಹ್ನ ಹೋಗಿ.

ನಮಗೂ ಈ ಊರುಗಳಿಗೂ ಇರುವ ನಂಟು

• ಹಂಪಿಯ ಬಗ್ಗೆ ಬರೆಯಿಸಿದ ಮೊದಮೊದಲ ಯುರೋಪಿನವನು ವೆನಿಸ್ ಕಡೆಯವನು, ಪಕ್ಕದ ಕಿಯೊಜ್ಜಾದ ವ್ಯಾಪಾರಿ ನಿಕೊಲೊ ದೆ ಕೊಂಟಿ. 15ನೇ ಶತಮಾನದ ಮೊದಲ ಭಾಗದಲ್ಲಿ ವಿಜಯನಗರ ನೋಡಿದ. ಅವನು ಹೇಳಿದ್ದನ್ನು ಕೇಳಿ ಬರೆದಿಟ್ಟವನು ಪೋಪ್‌ನ ಕಾರ್ಯದರ್ಶಿಯಾಗಿದ್ದು ಮುಂದೆ ಫ್ಲಾರೆನ್ಸ್‌ನ ಚಾನ್ಸಲರ್ ಆದ ಪೊಜ್ಜೊ ಬ್ರಾಚೊಲಿನಿ. ವಿಜಯನಗರದ ಸುದ್ದಿ ಒಬ್ಬ ಕಂಡು, ಇನ್ನೊಬ್ಬ ಬರೆದು ಉಳಿದದ್ದು.

• ಗೆಲಿಲಿಯೊ 1609ರಲ್ಲಿ ತನ್ನ ದೂರದರ್ಶಕವನ್ನು ವೆನಿಸ್‌ನ ಹಿರಿಯರಿಗೆ ತೋರಿಸಿದ್ದು ಸಾನ್ ಮಾರ್ಕೊ ಗೋಪುರದ ಮೇಲಿಂದ. ಮರುವರ್ಷ ಗುರುಗ್ರಹದ ಚಂದ್ರರನ್ನು ಕಂಡು, ಅವಕ್ಕೆ ಫ್ಲಾರೆನ್ಸ್ ದೊರೆಗಳಾದ ಮೆಡಿಚಿ ಮನೆತನದ ಹೆಸರಿಟ್ಟು, ಆ ಊರಿಗೇ ಕೆಲಸಕ್ಕೆ ಹೋದ. ಅವನು ಹತ್ತಿದ ಗೋಪುರ 1902ರಲ್ಲಿ ಕುಸಿಯಿತು, ಈಗಿರುವುದು 1912ರಲ್ಲಿ ಮತ್ತೆ ಕಟ್ಟಿದ್ದು. ಚಂದ್ರರನ್ನು ಕಂಡ ಮಸೂರ, ಜತೆಗೆ ಅವನ ಬೆರಳು, ಫ್ಲಾರೆನ್ಸ್‌ನ ಗೆಲಿಲಿಯೊ ಮ್ಯೂಸಿಯಂನಲ್ಲಿವೆ. ಉಫೀಜಿಯ ಬೆನ್ನಿಗೇ ಇರುವ ಜಾಗ, ಮಕ್ಕಳಿಗೆ ಚಿತ್ರಕ್ಕಿಂತ ಇದೇ ಇಷ್ಟವಾಗುತ್ತೆ.

• ಕೊಲ್ಹಾಪುರದ ಯುವ ರಾಜ ರಾಜಾರಾಮ ಇಂಗ್ಲೆಂಡಿನಿಂದ ಮರಳುವಾಗ 1870ರ ನವೆಂಬರ್ 30ರಂದು ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಇನ್ನೂ ಇಪ್ಪತ್ತು ವಯಸ್ಸು. ಆರ್ನೊಗೆ ಮುನ್ಯೋನೆ ತೊರೆ ಸೇರುವ ಸಂಗಮದಲ್ಲಿ ನಮ್ಮ ಕ್ರಮದಂತೆಯೇ ದಹನ ಮಾಡಿದರು. ಕಶೀನೆ ಪಾರ್ಕಿನ ಪಶ್ಚಿಮ ತುದಿಯಲ್ಲಿ ಛತ್ರಿಯ ಕೆಳಗೆ ಅವನ ಪ್ರತಿಮೆ ಇದೆ. ಪಕ್ಕದ ಸೇತುವೆಗೂ ಭಾರತೀಯನ ಸೇತುವೆ ಅಂತಲೇ ಹೆಸರು. ಬೆಳಗಾವಿ ಕಡೆಯವರು ಯಾರಾದರೂ ಜತೆಗಿದ್ದರೆ ಅರ್ಧ ದಿನ ಅಲ್ಲಿಗೆ ಇಡಿ.

ಕೊನೆಗೆ ನನ್ನ ತೀರ್ಪು

• ನೀವಿಬ್ಬರೇ ಹೊರಟಿದ್ದರೆ ವೆನಿಸ್ ಅನ್ನುತ್ತಿದ್ದೆ, ದ್ವೀಪದಲ್ಲೇ ಮೂರೂ ರಾತ್ರಿ, ಒಂದೊಂದು ಬೆನ್ನುಚೀಲ. ಹದಿಹರೆಯದ ಮಕ್ಕಳಿದ್ದರೂ ಅದೇ.

• ನವೆಂಬರ್‌ನಲ್ಲಿ, ಮಂಡಿ ನೋವಿನ ಅತ್ತೆ, ಚಿಕ್ಕ ಮಗು, ಸಸ್ಯಾಹಾರ, ಮೂರೂ ಇರುವಾಗ ಫ್ಲಾರೆನ್ಸ್. ಊರು ಸಮ, ಟ್ಯಾಕ್ಸಿ ಬಾಗಿಲಿಗೆ, ಮಳೆ ಬಂದರೆ ಒಳಗೆ ನೋಡಲು ಬೇಕಾದಷ್ಟು. ಮನೆಮಂದಿಯಲ್ಲಿ ಯಾರ ಕಾಲು ನಿಧಾನವೋ ಅವರಿಗೆ ಒಗ್ಗುವ ಊರೇ ಎಲ್ಲರ ಊರಾಗಬೇಕು. ಒಬ್ಬರು ಹೋಟೆಲ್ ರೂಮಿನಲ್ಲಿ ಕಾಲು ನೀಡಿ ಕೂತರೆ ಉಳಿದ ಮೂವರಿಗೂ ತಿರುಗಾಟ ರುಚಿಸುವುದಿಲ್ಲ.

• ಕೆಲಸದ ಕ್ರಮ ಹೀಗಿರಲಿ: ಮೊದಲು ಸೋಮವಾರ ಬಿಟ್ಟು ಉಫೀಜಿಯ ಗಂಟೆ ಹಿಡಿ, ಆಮೇಲೆ ಅದಕ್ಕೆ ಹೊಂದುವ ರೈಲು, ಕೊನೆಗೆ ಲಿಫ್ಟ್ ಇರುವ ಹೋಟೆಲ್. ಅತ್ತೆಯವರಿಗೆ ದಪ್ಪ ಅಡಿಯ ಶೂ ಈ ವಾರವೇ ಕೊಡಿಸಿ, ದಿನಾ ಮನೆಯಲ್ಲಿ ಹಾಕಿಕೊಂಡು ಓಡಾಡಲು ಹೇಳು. ಹೊಸ ಶೂ ಕಚ್ಚುವುದಾದರೆ ಮ್ಯೂನಿಕ್‌ನಲ್ಲೇ ಕಚ್ಚಿ ಮುಗಿಯಲಿ.